ಆನೆಯ ಅಣ್ಣ, ಕತ್ತೆಯ ತಮ್ಮ

...ಅಲ್ಲ ಲೂಮಿರಣ್ಣ, ನಾನ್ಯಾಕೆ ಸುಳ್ಳು ಹೇಳ್ಲಿ? ಪೇಪರ್‌ನಲ್ಲೇ ಬಂದಿದೆ, ಮೊದಲನೇ ಪುಟದಲ್ಲಿ. ನಿನ್ನ ಕಣ್ಣು ಸರಿ ಇದ್ದಿದ್ರೆ ಮೂಗಿಗೇ ಹಿಡೀತಿದ್ದೆ. ಊರೊಳಗೆ ಮನೆಗೆ ನಾಲ್ಕು ಕೋಳಿ ಸಾಕಬಹುದಾ ಬೇಡ್ವಾ ಅಂತ ಪುರಸಭೆಯವರು ಊಟದ ಹೊತ್ತು ಮೀರಿದ್ರೂ ಕಿತ್ತಾಡಿದಾರೆ. ಮೊಟ್ಟೆ ರೇಟು ಏರಿದ್ದೇ ತಡ, ಎಲ್ಲರಿಗೂ ಅವರವರ ಅಜ್ಜಿ ಕೋಳಿಗೂಡು ನೆನಪಾಗಿಬಿಟ್ಟಿದೆ. ಕೋಳಿ ಸರಿ, ಹುಂಜ ಮಾತ್ರ ಬೇಡವಂತೆ. ಯಾಕೆ? ಕೂಗುತ್ತಂತೆ. ಅದಕ್ಕೆ ಆ ಟೈರ್ ಅಂಗಡಿ ಡುವೇನ್ ಎದ್ದು ನಿಂತು, "ಹುಂಜ ಬೆಳಿಗ್ಗೆ ಒಂದ್ಸಲ ಕೂಗುತ್ತೆ, ನಮ್ಮನೆ ಟೀವಿ ದಿನವಿಡೀ ಕೂಗುತ್ತೆ, ಮೊದಲು ಅದನ್ನ ನಿಷೇಧ ಮಾಡಿ" ಅಂದನಂತೆ...

ನಗು, ನಗು. ನೀನು ನಕ್ಕರೆ ನನಗೂ ಓದೋಕೆ ಹುರುಪು. ಟೀವಿನ ನೀನು ಚರ್ಚಿಗೆ ದಾನ ಕೊಟ್ಟಾಗಿಂದ ಈ ಮನೆಗೆ ಅಮೆರಿಕಾ ಬರೋದೇ ಶನಿವಾರಕ್ಕೊಂದು ಸಲ, ಅದೂ ನನ್ನ ಬಾಯಿಂದ. ಇರೋ ಒಬ್ಬಳು ತಂಗಿನ ಸುದ್ದಿಪೆಟ್ಟಿಗೆ ಮಾಡ್ಕೊಂಡಿದೀಯಾ. ಇರಲಿ. ಕೊಲಾಚಿ ಬನ್ನು ತಗೋ. ಗಸಗಸೆ ಹಾಕಿದ್ದು ಎಡಗಡೆ, ಒಣದ್ರಾಕ್ಷಿದು ಬಲಗಡೆ... ಅಲ್ಲ, ಅದು ಕಾಫಿ ಲೋಟ. ಹ್ಞಾಂ, ಅದೇ.

ಮುಂದಕ್ಕೆ ಓದ್ಲಾ? ವಾಷಿಂಗ್‌ಟನ್. ಸರ್ಕಾರಕ್ಕೆ ಬೀಗ ಹಾಕೋ ಮಾತು ಮತ್ತೆ ಎದ್ದಿದೆ. ಅದೇ, ಬಜೆಟ್ಟು ಒಪ್ಪಲ್ಲ ಅಂತ ಇವರು, ಒಪ್ಪಲೇಬೇಕು ಅಂತ ಅವರು. ಅತ್ತೆ ಸೊಸೆ ಜಗಳಕ್ಕೆ ಅಡುಗೆಮನೆಗೆ ಬೀಗ ಹಾಕಿ ಮನೆಮಂದಿನೆಲ್ಲ ಉಪವಾಸ ಕೆಡವಿದ ಹಾಗೆ. ತಪ್ಪು ಯಾರದು ಅಂತೀಯಾ? ನಿನ್ನ ಆನೆ ಪಕ್ಷದವರು ಕತ್ತೆಯವರದು ಅಂತಾರೆ, ಕತ್ತೆ ಪಕ್ಷದವರು ಆನೆಯವರದು ಅಂತಾರೆ. ಗುರುತಿಗೆ ಪ್ರಾಣಿ ಇಟ್ಕೊಂಡಾಗಲೇ ನಮ್ಮ ಹಿರಿಯರಿಗೆ ಗೊತ್ತಿತ್ತು ಅನ್ಸುತ್ತೆ, ಇವರ ಹಣೆಬರಹ ಇಷ್ಟೇ ಅಂತ.

ಮುಖ ಯಾಕೆ ಹಾಗೆ ಮಾಡ್ತೀಯಾ? ನಿನ್ನ ಆನೆನ ಏನೂ ಅನ್ನಲಿಲ್ಲ. ಇಬ್ಬರಿಗೂ ಸಮಸಮ ಹಂಚಿದೆ. ನಾನು ಯಾವ ಕಡೆ ಅಂತ ಕೇಳ್ಬೇಡ. ವೋಟು ಹಾಕೋ ಜಾಗಕ್ಕೆ ಪರದೆ ಕಟ್ಟಿರೋದು ನನ್ನಂಥವಳಿಗೇ. ಅರ್ನಿನೂ ಹಾಗೇ ಕೇಳ್ತಿರ್ತಾನೆ, ಲಿಬ್ಬಿ ನೀನು ನಮ್ಮ ಕಡೆನಾ ಅವನ ಕಡೆನಾ ಅಂತ...

ಸರಿ, ಸರಿ. ಬಾಯಿ ತಪ್ಪಿ ಬಂತು. ಈ ಮನೆಯಲ್ಲಿ ತಮ್ಮನ ಹೆಸರು ಎತ್ತಬಾರದು, ಗೊತ್ತು. ಎತ್ತಲ್ಲ. ಪುಟ ತಿರುಗಿಸ್ತೀನಿ.

ಸೋಯಾ. ಇದು ನಿನಗೆ ಬೇಕಾದ್ದು. ಕಟಾವು ಚೆನ್ನಾಗಿ ಬಂದಿದೆ, ಉಗ್ರಾಣ ತುಂಬಿ ತುಳುಕ್ತಿದೆ, ಕೊಳ್ಳೋನು ಮಾತ್ರ ನಾಪತ್ತೆ. ನಾವು ಚೀನಾದ ಸಾಮಾನಿಗೆ ಸುಂಕ ಹಾಕಿದ್ವಿ, ಅವರು ನಮ್ಮ ಸೋಯಾ ಬಿಟ್ಟು ಬ್ರೆಜಿಲ್ ಕಡೆ ಮುಖ ಮಾಡಿದ್ರು. ಎಲ್ಲ ಸರಿಹೋಗುತ್ತೆ ಅಂತೀಯಾ? ಹ್ಞೂಂ, ಹೋಗ್ಲಿ, ನನಗೇನು. ಟ್ರ್ಯಾಕ್ಟರ್ ರಿಪೇರಿ ಮಾಡ್ತಾ ನಲವತ್ತು ವರ್ಷ ಕಳೆದವನು ನೀನು, ರೈತರ ಕಷ್ಟ ನನಗಿಂತ ನಿನಗೇ ಗೊತ್ತು. ಸುಂಕ ಹಾಕಿದವರಿಗೇ ವೋಟು ಹಾಕ್ತಾರೆ, ಆಮೇಲೆ ಬೈತಾರೆ, ಮತ್ತೆ ಅವರಿಗೇ ಹಾಕ್ತಾರೆ... ಯಾಕೆ ಅಂತ ನನಗೂ ಅರ್ಥ ಆಗುತ್ತೆ ಅಂತಿಟ್ಕೋ. ಆ ಕತ್ತೆಯವರು ಚುನಾವಣೆ ಬಂದಾಗ ಹೊಸ ಬೂಟು ಹಾಕ್ಕೊಂಡು ಹೊಲಕ್ಕೆ ಇಳಿದು ಫೋಟೋ ತೆಗೆಸ್ಕೋತಾರಲ್ಲ, ಅದನ್ನ ನೋಡಿದ್ರೆ ನನಗೂ ಮೈ ಉರಿಯುತ್ತೆ. ನೋಡು, ಅದಕ್ಕೆ ತಲೆ ಆಡಿಸ್ತೀಯಾ.

ಇನ್ನು ನಕ್ಷೆ. ವೋಟಿನ ಕ್ಷೇತ್ರಗಳನ್ನ ಮತ್ತೆ ಕೊಯ್ದು ಹೊಲೀತಾರಂತೆ, ಒಂದು ರಾಜ್ಯ ಅಲ್ಲ, ಸುಮಾರು ಕಡೆ. ಇಲ್ಲಿ ಒಂದು ಚಿತ್ರ ಹಾಕಿದಾರೆ, ನೀನು ನೋಡಬೇಕಿತ್ತು, ಹಲ್ಲಿ ಬಾಲ ಕಳ್ಕೊಂಡು ಓಡ್ತಿರೋ ಹಾಗಿದೆ. ಜನ ನಾಯಕರನ್ನ ಆರಿಸೋದು ಹೋಗಿ ನಾಯಕರೇ ಜನರನ್ನ ಆರಿಸ್ಕೊಳ್ಳೋ ಕಾಲ. ಒಬ್ಬರು ಮಾಡಿದ್ರೆ ಅನ್ಯಾಯ ಅಂತ ಕೂಗಿದ ಇನ್ನೊಬ್ಬರು ಮಾರನೇ ದಿನ ತಾವೇ ಕತ್ತರಿ ಹಿಡೀತಾರೆ.

ಇದು ಕೇಳು, ಇದು ಕೇಳು. ನಮ್ಮ ಹೈಸ್ಕೂಲು ಲೈಬ್ರರಿ. ಒಂದು ಪುಸ್ತಕ ತೆಗೀಬೇಕು ಅಂತ ಒಬ್ಬಳು ದೂರು ಕೊಟ್ಟಿದ್ದಳಲ್ಲ, ಮಕ್ಕಳು ಓದೋ ಹಾಗಿಲ್ಲ ಅಂತ? ಸಭೆಯಲ್ಲಿ ಯಾರೋ ಕೇಳಿದ್ರಂತೆ, ಅಮ್ಮಾ ನೀವು ಓದಿದೀರಾ ಅಂತ. "ಛೀ, ನಾನ್ಯಾಕೆ ಓದ್ಲಿ" ಅಂದಳಂತೆ. ಪುಸ್ತಕ ಇನ್ನೂ ಅಲ್ಲೇ ಇದೆ, ಆದ್ರೆ ಕೈಗೆ ಸಿಗಲ್ಲ. ಯಾಕೆ ಅಂದ್ರೆ ಊರಿನ ಹೆಂಗಸರೆಲ್ಲ ಸಾಲು ಹಚ್ಚಿದಾರೆ. ನಾನೂ ಹೆಸರು ಬರೆಸಿ ಬಂದೆ. ಏನು ನಗ್ತೀಯಾ? ಈ ವಯಸ್ಸಲ್ಲಿ ಕೆಡೋಕೆ ನನ್ನ ಹತ್ರ ಉಳಿದಿರೋದಾದ್ರೂ ಏನು?

ಶರ್ಲಿ ಗೊತ್ತಲ್ಲ, ಕಡುಬು ಹೋಟೆಲಿನ ಶರ್ಲಿ? ಅದು ಪೇಪರ್‌ನಲ್ಲಿ ಇಲ್ಲ, ನನ್ನ ಸ್ವಂತ ವರದಿ. ವಾರಕ್ಕೊಂದು ಹಸಿವು ಸಾಯಿಸೋ ಇಂಜೆಕ್ಷನ್ನು ಚುಚ್ಚಿಸ್ಕೊಂಡು ತೂಕ ಇಳಿದು ಅರ್ಧ ಆಗಿದಾಳೆ. ಹಿಂದಿಂದ ನೋಡಿ ಅವಳ ಮಗಳು ಅಂದ್ಕೊಂಡೆ. ಊರೆಲ್ಲ ಅದೇ ಚುಚ್ಚಿಸ್ಕೋತಿದೆಯಂತೆ. ಈಗ ಅವಳ ಹೋಟೆಲಲ್ಲಿ ಕಡುಬು ಕೇಳೋರೇ ಇಲ್ಲ. ತಾನು ಚೆನ್ನಾಗಿ ಕಾಣ್ತೀನಿ, ವ್ಯಾಪಾರ ಸೊರಗಿದೆ, ಖುಷಿ ಪಡ್ಲಾ ಅಳ್ಲಾ ಲಿಬ್ಬಿ ಅಂತ ಕೇಳಿದ್ಳು. ನಾನು ಎರಡೂ ಮಾಡು ಅಂದೆ.

ಏನು? ಕೋಟು ಯಾಕೆ ಬಿಚ್ಚಿಲ್ಲ ಅಂತೀಯಾ? ಇರಲಿ ಬಿಡು, ಚಳಿ. ನಿನ್ನ ಮನೆ ಬೆಚ್ಚಗಿದೆ, ಹೌದು, ಆದ್ರೂ ಮೂಳೆಯೊಳಗಿನ ಚಳಿ ಇದು. ಆಮೇಲೆ ಬಿಚ್ತೀನಿ.

ಎಲ್ಲಿದ್ದೆ... ಹ್ಞಾಂ, ಆಸ್ಪತ್ರೆ. ಇದು ನಗೋ ಸುದ್ದಿ ಅಲ್ಲ. ನಮ್ಮ ಜಿಲ್ಲಾ ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚುತ್ತಂತೆ. ನಡೆಸೋಕೆ ಆಗಲ್ಲ, ನರ್ಸುಗಳಿಲ್ಲ, ಡಾಕ್ಟರಿಲ್ಲ. ಇನ್ಮೇಲೆ ನೋವು ಬಂದ್ರೆ ದೂರದ ಲಿಂಕನ್ ಪಟ್ಟಣಕ್ಕೆ ಓಡಬೇಕು. ಹಿಮ ಬಿದ್ದ ದಿನ ಆದ್ರೆ ಹೆದ್ದಾರಿಯಲ್ಲೇ ಅಂತಿಟ್ಕೋ. ನಾವು ಮೂವರೂ ಹುಟ್ಟಿದ್ದು ಅಲ್ಲೇ ಅಲ್ವಾ, ನೀನು, ನಾನು, ಆಮೇಲೆ... ಮೂವರೂ. ಅಮ್ಮ ಹೇಳ್ತಿದ್ಲು, ನೀನು ಹುಟ್ಟಿದಾಗ ಅಪ್ಪ ವರಾಂಡದಲ್ಲಿ ಅಕಾರ್ಡಿಯನ್ ಬಾರಿಸಿ ನರ್ಸ್ ಕೈಯಲ್ಲಿ ಬೈಸ್ಕೊಂಡ ಅಂತ. ಆ ವಾರ್ಡು ಉಳಿಸೋಕೆ ಆನೆಯವರೂ ಏನೂ ಮಾಡಲಿಲ್ಲ, ಕತ್ತೆಯವರೂ ಏನೂ ಮಾಡಲಿಲ್ಲ. ಇಬ್ಬರೂ ಭಾಷಣ ಮಾಡಿದ್ರು.

ಮಾಂಸದ ಕಾರ್ಖಾನೆ ಸುದ್ದಿನೂ ಇದೆ. ಓದ್ಲಾ ಬೇಡ್ವಾ? ಓದು ಅಂತೀಯಾ... ಸರಿ. ವಲಸೆಯವರನ್ನ ಹಿಡಿಯೋಕೆ ಬರ್ತಾರೆ ಅಂತ ಗುಲ್ಲೆದ್ದು ಕೆಲಸಕ್ಕೆ ಅರ್ಧ ಜನ ಬಂದಿಲ್ಲ. ಕಾಗದ ಸರಿ ಇರೋರೂ ಬಂದಿಲ್ಲ. ಹೋದ ಭಾನುವಾರ ಚರ್ಚಿನಲ್ಲಿ ನಮ್ಮ ಹಿಂದಿನ ಬೆಂಚು ಖಾಲಿ, ಗ್ವಾಟೆಮಾಲಾದ ಆ ಕುಟುಂಬ ಕೂರೋದು. ಕಾನೂನು ಕಾನೂನೇ ಅಂತೀಯಾ, ಗೊತ್ತು, ನೀನು ಹಾಗೇ ಅಂತೀಯಾ. ನಿನ್ನ ಮನೆ ಮುಂದಿನ ಹಿಮ ಕೆರೆದು ಹೋಗೋನೂ ಅದೇ ಮನೆಯವನು ಅಂತ ನಾನಂತೀನಿ. ಇಬ್ಬರೂ ಅಂದಾಯ್ತಲ್ಲ. ಜಗಳ ಆಡಲಿಲ್ಲ, ಲೋಟ ಒಡೀಲಿಲ್ಲ, ಕಾಫಿ ಇನ್ನೂ ಬಿಸಿ ಇದೆ. ನೋಡು, ಮಾತಾಡಬಹುದು.

ಅಲ್ಲ, ಕಿಟಕಿ ಕಡೆ ಯಾಕೆ ನೋಡ್ಲಿ? ನೋಡ್ತಿಲ್ಲ. ಹೇಗೆ ಗೊತ್ತಾಯ್ತು ನಿನಗೆ?... ದನಿ ಆ ಕಡೆ ತಿರುಗುತ್ತಾ? ಕಣ್ಣು ಹೋದ್ರೂ ಪೊಲೀಸರ ಹಾಗೆ ಪತ್ತೆ ಹಚ್ಚೋದು ಬಿಡಲ್ಲ ನೀನು. ಬೆಳಕು ಆ ಕಡೆಯಿಂದ ಬರುತ್ತೆ, ಅಕ್ಷರ ಸಣ್ಣದು, ಅದಕ್ಕೆ. ಹೊರಗಡೆ ಶಬ್ದ? ಪಾರ್ಸೆಲ್ ವ್ಯಾನ್ ಇರಬೇಕು. ಈಗ ಎಲ್ಲ ಮನೆ ಬಾಗಿಲಿಗೇ ತಾನೇ. ಹಲ್ಲುಜ್ಜೋ ಬ್ರಶ್ಶಿಗೂ ಒಂದು ವ್ಯಾನು.

ಓದ್ತೀನಿ, ಓದ್ತೀನಿ. ಕಂಪ್ಯೂಟರ್ ಶೆಡ್ಡು. ಊರಾಚೆ ಒಂದು ದೊಡ್ಡ ಶೆಡ್ಡು ಕಟ್ಟಿ ಒಳಗೆ ಬರೀ ಕಂಪ್ಯೂಟರ್ ತುಂಬ್ತಾರಂತೆ. ಅವು ಬಿಸಿ ಆಗದೇ ಇರೋಕೆ ನೀರು ಬೇಕು. ನಮ್ಮ ದನಗಳಿಗಿಂತ ಜಾಸ್ತಿ ಕುಡಿಯುತ್ತವಂತೆ. ಸಗಣಿನಾದ್ರೂ ಹಾಕುತ್ತವಾ ಅಂತ ಒಬ್ಬ ರೈತ ಕೇಳಿದ್ದಕ್ಕೆ ಕಂಪನಿಯ ಸೂಟಿನವನು ಅದನ್ನೂ ಬರ್ಕೊಂಡನಂತೆ. ಅದಕ್ಕೂ ಎರಡು ಪಾರ್ಟಿ ಆಗುತ್ತೆ ಅಂದ್ಕೊಂಡಿದ್ದೆ, ಆದ್ರೆ ನೋಡು, ಆನೆ ಕತ್ತೆ ಎರಡೂ ಸೇರಿ ಬೇಡ ಅಂತ ಸಹಿ ಹಾಕಿದಾವೆ. ನೀರಿನ ವಿಷಯ ಬಂದ್ರೆ ಎಲ್ಲ ಪ್ರಾಣಿಗಳೂ ಒಂದೇ.

ಇನ್ನೊಂದೇ ಒಂದು ಇದೆ. ಇದು... ಸಣ್ಣ ಸುದ್ದಿ. ಒಳಪುಟದ್ದು. ಜನ ಈಗ ರಾಜ್ಯ ಬದಲಾಯಿಸ್ತಿದಾರಂತೆ. ಕೆಲಸಕ್ಕಲ್ಲ, ಹವಾಮಾನಕ್ಕಲ್ಲ... ರಾಜಕೀಯಕ್ಕೆ. ಆನೆಯವರು ಆನೆ ರಾಜ್ಯಕ್ಕೆ, ಕತ್ತೆಯವರು ಕತ್ತೆ ರಾಜ್ಯಕ್ಕೆ. ಅಕ್ಕಪಕ್ಕದವರ ಜೊತೆ ಮಾತು ನಿಂತು, ಚರ್ಚಿಗೆ ಹೋಗೋಕೆ ಮನಸ್ಸಾಗದೆ, ಮನೆ ಮಾರಿ ಹೊರಟುಬಿಡ್ತಾರಂತೆ. ನನಗೆ ನಗು ಬಂತು ಓದಿ. ಹೀಗೇ ಆದ್ರೆ ಒಂದು ದಿನ ದೇಶದ ಮಧ್ಯೆ ಬೇಲಿ ಹಾಕಿ, ಈ ಕಡೆ ಮೃಗಾಲಯ, ಆ ಕಡೆ ಮೃಗಾಲಯ ಅಂತ ಬೋರ್ಡು... ಟಿಕೆಟ್ಟು ಇಟ್ಟು... ಕೆನಡಾದವರು ನೋಡೋಕೆ ಬರಬಹುದು...

ನಗಲಿಲ್ಲ ನೀನು.

ಇದು ನಗೋ ಮಾತು ಅಣ್ಣ. ಬೋರ್ಡು, ಟಿಕೆಟ್ಟು... ಸರಿ, ಅಷ್ಟು ಚೆನ್ನಾಗಿ ಬರಲಿಲ್ಲ ಅನ್ಸುತ್ತೆ.

ಕೊಲಾಚಿ ಕೆಳಗಿಟ್ಟೆ ಯಾಕೆ? ಹಳಸಿಲ್ಲ, ಬೆಳಿಗ್ಗೆ ಮಾಡಿದ್ದು.

ಏನಾದ್ರೂ ಅನ್ನು. ನಿನ್ನ ಆನೆ ಬಗ್ಗೆ ಅನ್ನು. ಬೈಯಿ ಬೇಕಾದ್ರೆ. ನಾನು ಒಂದು ಗಂಟೆಯಿಂದ ಬಡಬಡ ಅಂತ...

...ಹೌದು. ಅರ್ನಿನೇ. ಮನೆ ಮಾರಿದ. ಆರಿಗನ್‌ಗೆ ಹೋಗ್ತಿದಾನೆ, ಮಗಳ ಹತ್ರ. ಅವನ ಹೆಂಡ್ತಿ ಕಾನಿ ಆಗಲೇ ಹೋಗಿ ಅಲ್ಲಿ ಪರದೆ ಎಲ್ಲ ತೂಗುಹಾಕಿದಾಳೆ. ಇವನು ಉಳಿದ ಸಾಮಾನು ಪಿಕಪ್ಪಿಗೆ ಹೇರ್ಕೊಂಡು ಇವತ್ತು ಹೊರಟಿದಾನೆ. ಮೂವತ್ತು ವರ್ಷ ಈ ಊರ ಮಕ್ಕಳಿಗೆ ಲೆಕ್ಕ ಹೇಳ್ಕೊಟ್ಟವನು, ಈಗ ಕಿರಾಣಿ ಅಂಗಡೀಲಿ ಹಳೇ ಶಿಷ್ಯರು ತನ್ನ ಕಂಡ್ರೆ ಆಚೆ ಸಾಲಿಗೆ ಹೋಗ್ತಾರೆ ಅಂತಾನೆ. ನಿಜವಾಗಿ ಹೋಗ್ತಾರಾ, ಇವನಿಗೆ ಹಾಗೆ ಅನ್ಸುತ್ತಾ, ನನಗೆ ಗೊತ್ತಿಲ್ಲ. ಹೋಗೋದಂತೂ ನಿಜ.

ಎಲ್ಲಿದಾನೆ ಅಂತ ಕೇಳಲ್ವಾ?

ಕೇಳು ಅಣ್ಣ. ನೀನು ಕೇಳಿದ್ರೆ ನನಗೆ ಹೇಳೋದು ಸುಲಭ.

...ಗೊತ್ತಾ ನಿನಗೆ? ಯಾವಾಗಿಂದ? ಆ ಇಂಜಿನ್ ಶಬ್ದದಿಂದಾ? ಹ್ಞೂಂ... ನೀನೇ ಬಿಚ್ಚಿ ಜೋಡಿಸಿದ ಇಂಜಿನ್ನು. ನಾನು ಬಂದಾಗಲೇ ಗೊತ್ತಾಗಿತ್ತು ಅನ್ನು. ಗೊತ್ತಿದ್ದೂ ಕೋಳಿ ಸುದ್ದಿಗೆ ನಗ್ತಾ ಕೂತಿದ್ದೆಯಾ. ನಾನು ಪಾರ್ಸೆಲ್ ವ್ಯಾನ್ ಅಂತ ಸುಳ್ಳು ಹೇಳ್ತಿದ್ರೆ ಕಾಫಿ ಕುಡೀತಾ ಕೇಳಿದೆಯಾ.

ನನ್ನ ಕಾರು ಸ್ಟಾರ್ಟ್ ಆಗ್ತಿಲ್ಲ ಅಂತ ಹೇಳಿ ಅವನ ಪಿಕಪ್ಪಲ್ಲಿ ಬಂದೆ. ಹೊರಡೋ ಮುಂಚೆ ನಿನ್ನನ್ನ ನೋಡಬೇಕು ಅಂತ ಅವನೇ ತುಂಬಾ...

ನನ್ನ ಕಡೆ ಹಾಗೆ ಮುಖ ಮಾಡ್ಬೇಡ.

ಇಲ್ಲ. ಅವನು ಅನ್ನಲಿಲ್ಲ. ಅವನು ಏನೂ ಅನ್ನಲಿಲ್ಲ. ನಾನೇ ಅವನಿಗೆ ಹೇಳಿದೆ, ಅಣ್ಣ ನಿನ್ನನ್ನ ಕರ್ಕೊಂಡು ಬಾ ಅಂದಿದಾನೆ ಅಂತ. ನಿನಗೆ ಅವನು ಬರ್ತೀನಿ ಅಂದ ಅಂತ ಹೇಳೋಣ ಅಂದ್ಕೊಂಡಿದ್ದೆ. ಎರಡು ಸುಳ್ಳು ಹೇಳಿದ್ರೆ ಒಂದು ನಿಜ ಆಗಬಹುದೇನೋ ಅಂತ. ಅವನು ನಂಬಿದಾನೆ, ಗೊತ್ತಾ? ನನ್ನ ಮಾತು ಕೇಳಿ ಗಾಡಿನ ನಿನ್ನ ಮನೆ ಕಡೆ ತಿರುಗಿಸಿದ. ಆಮೇಲೆ "ಕರೆದಿದ್ದು ಅವನೇ ಅಂದ್ರೆ ಅವನೇ ಬಾಗಿಲಿಗೆ ಬರಲಿ, ನಾನಾಗಿ ಮೆಟ್ಟಿಲು ಹತ್ತಲ್ಲ" ಅಂದ. ನಿನ್ನ ತಮ್ಮನೇ ಅವನು, ಸಂಶಯ ಬೇಡ.

ಅದಕ್ಕೇ ನಾನು ಕೋಳಿಯಿಂದ ಶುರು ಮಾಡಿದೆ. ನಗಿಸಿ ನಗಿಸಿ, ನಿನ್ನ ಮನಸ್ಸು ಸ್ವಲ್ಪ ಸಡಿಲ ಆದ ಮೇಲೆ ಹೇಳೋಣ ಅಂತ. ಆದ್ರೆ ಓದ್ತಾ ಓದ್ತಾ ನನಗೇ ಹೆದರಿಕೆ ಆಯ್ತು.

ನಾನು ನೇರ ಹೇಳಿಬಿಡ್ತೀನಿ, ನೀನು ಮುಚ್ಚು ಬಾಯಿ ಅಂತ ಅನ್ನೋ ಮುಂಚೆ. ನಿಮ್ಮಿಬ್ಬರ ಮಧ್ಯೆ ಆನೆನೂ ಇಲ್ಲ, ಕತ್ತೆನೂ ಇಲ್ಲ. ಸೋಯಾನೂ ಅಲ್ಲ, ನಕ್ಷೆನೂ ಅಲ್ಲ. ಊರೆಲ್ಲ ಹಾಗೆ ಅಂದ್ಕೊಂಡಿದೆ, ನೀವೂ ಹಾಗೇ ಅಂದ್ಕೊಂಡು ಸಮಾಧಾನ ಮಾಡ್ಕೊಂಡಿದೀರಾ. ಇರೋದು ಅಮ್ಮನ ಶವದ ಪೆಟ್ಟಿಗೆ.

ಕೊರೊನಾ ವರ್ಷ ಅವಳನ್ನ ಆ ಆರೈಕೆ ಮನೆಯ ಕಿಟಕಿ ಗಾಜಿನ ಆಚೆಯಿಂದ ನೋಡಿದ್ವಲ್ಲ. ನೀನು ಗಾಜಿಗೆ ಅಂಗೈ ಇಟ್ಟೆ, ಅವಳು ಒಳಗಿನಿಂದ ಇಟ್ಳು. ಹಾಗೇ ಹೋದಳು. ಹೂಳೋ ದಿನ ಚರ್ಚಿನ ಬಾಗಿಲಲ್ಲಿ ಅರ್ನಿ ನಿಂತಿದ್ದ. ಮಾಸ್ಕ್ ಹಾಕ್ಕೊಂಡು ಬಾ, ಇಲ್ಲ ಅಂದ್ರೆ ಬರ್ಬೇಡ ಅಂದ. ಅದಕ್ಕೆ ನೀನು, "ನನ್ನ ತಾಯಿನ ಮಣ್ಣು ಮಾಡೋಕೆ ನನಗೆ ಮೂಗು ಮುಚ್ಚು ಅಂತ ಹೇಳೋನು ನೀನ್ಯಾರು" ಅಂದೆ. ಕಾನಿಗೆ ಆಗ ಕಿಮೋ ನಡೀತಿತ್ತು, ಅವನು ಅವಳಿಗೋಸ್ಕರ ಸಾಯೋ ಅಷ್ಟು ಹೆದರಿದ್ದ. ಅದನ್ನ ಅವನು ಬಾಯಿಬಿಟ್ಟು ಹೇಳಲಿಲ್ಲ. ನೀನೂ ಕೇಳಲಿಲ್ಲ. ಹೊರಟುಹೋದೆ. ಹಿರೀಮಗ ನೀನು, ನಿನ್ನ ಹೆಗಲಿಗೆ ಬರಬೇಕಾದ ಪೆಟ್ಟಿಗೆಯ ಮೂಲೆನ ನಮ್ಮ ಸಂಬಂಧಿಕನೇ ಅಲ್ಲದ ಯಾರೋ ಹೊತ್ತ. ನೀನು ಸ್ಮಶಾನದ ಗೇಟಿನ ಆಚೆ ಗಾಡಿಯಲ್ಲಿ ಕೂತಿದ್ದೆ, ಎಲ್ಲ ಮುಗಿಯೋವರೆಗೂ. ನಾನು ನೋಡಿದೆ. ಅರ್ನಿನೂ ನೋಡಿದ. ಮಣ್ಣು ಹಾಕ್ತಾ ಹಾಕ್ತಾ ಆ ಕಡೆನೇ ನೋಡ್ತಿದ್ದ.

ಅವತ್ತು ನೀನು ಹೊರಗೆ ಗಾಡಿಯಲ್ಲಿ ಕೂತಿದ್ದೆ, ಇವತ್ತು ಅವನು ಕೂತಿದಾನೆ. ನಾನು ಎರಡು ಸಲನೂ ಮಧ್ಯೆ ನಿಂತಿದೀನಿ. ಸಾಕಾಗಿದೆ ಅಣ್ಣ ನನಗೆ.

ಯಾರದು ತಪ್ಪು ಅಂತ ಕೇಳ್ತಿಲ್ಲ ನಾನು. ಅದನ್ನ ಕೇಳೋಕೆ ಟೀವಿಯಲ್ಲಿ ಇಪ್ಪತ್ತನಾಲ್ಕು ಗಂಟೆ ಜನ ಕೂತಿದಾರೆ. ಆರಿಗನ್ ಅಂದ್ರೆ ಇಲ್ಲೇ ಪಕ್ಕದ ಊರಲ್ಲ. ನಿನಗೆ ಎಪ್ಪತ್ತಾರು, ಅವನಿಗೂ ಮೊಣಕಾಲು ಹೋಗಿದೆ. ಇವತ್ತು ಆ ಇಂಜಿನ್ನಿನ ಶಬ್ದ ತಿರುವು ದಾಟಿ ಹೋದ್ರೆ ಆಮೇಲೆ ಇಬ್ಬರಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳೋಳು ನಾನೇ. ಆ ಸುದ್ದಿನ ನಾನು ಓದಲ್ಲ. ಈಗಲೇ ಹೇಳಿಬಿಟ್ಟೆ, ಓದಲ್ಲ.

...

ಮುಖ ಆ ಕಡೆ ತಿರುಗಿಸಿದೆಯಾ. ಸರಿ. ಆಯ್ತು. ನಾನೇ ಹೋಗಿ ಹೇಳ್ತೀನಿ ಅವನಿಗೆ, ನಾನೇ ಸುಳ್ಳು ಹೇಳಿದ್ದು ಅಂತ. ಇವತ್ತಿನ ಬಿಸಿಲು ಚೆನ್ನಾಗಿದೆ, ಕತ್ತಲಾಗೋ ಮುಂಚೆ ವಯೋಮಿಂಗ್ ಗಡಿ ಸೇರ್ಕೋ ಅಂತ...

ಎಲ್ಲಿಗೆ ಏಳ್ತಿದೀಯಾ? ಬಚ್ಚಲಿಗಾ?... ಬಾಗಿಲಿಗಾ.

ತಾಳು, ಕೋಟು. ಕೋಟು ಹಾಕ್ಕೋ. ಬೇಡ್ವಾ, ಸರಿ, ಬೇಡ. ನನ್ನ ಕೈ ಹಿಡ್ಕೋ... ಅದೂ ಬೇಡ್ವಾ. ಹೋಗು, ನೀನೇ ಹೋಗು. ಚಿಲಕ ಸ್ವಲ್ಪ ಮೇಲೆ. ಹ್ಞಾಂ.

ಮೆಟ್ಟಿಲಲ್ಲಿ ಹುಷಾರು, ಕಂಬಿ ಹಿಡ್ಕೋ. ಎದುರಿಗೇ ನಿಂತಿದೆ ಗಾಡಿ. ನೇರ ಹೋಗು. ಸ್ವಲ್ಪ ಎಡಕ್ಕೆ, ಅಲ್ಲಿ ನೆಲ ಜಾರುತ್ತೆ. ಅವನು ನಿನ್ನನ್ನ ನೋಡ್ತಿದಾನೆ ಅಣ್ಣ. ಕೈ ಸ್ಟೇರಿಂಗ್ ಮೇಲೆ ಇಟ್ಕೊಂಡು ಹಾಗೇ ನೋಡ್ತಿದಾನೆ.

ಇಂಜಿನ್ ನಿಲ್ಲಿಸಿದ. ಕೇಳಿಸ್ತಾ?

ಇಳಿದ. ಕಾಲು ನೋಯ್ತಿದೆ ಅವನಿಗೆ, ನಿಧಾನಕ್ಕೆ ಬರ್ತಾನೆ, ನೀನು ಅಲ್ಲೇ ನಿಲ್ಲು. ಕೂದಲು ಎಲ್ಲ ಬೆಳ್ಳಗಾಗಿದೆ, ನಿನಗೆ ಗೊತ್ತಿಲ್ಲ ಅಲ್ವಾ, ನೀನು ಕೊನೇ ಸಲ ನೋಡಿದಾಗ ಇನ್ನೂ ಅರ್ಧ ಕಪ್ಪಿತ್ತು. ನಿನ್ನ ಮುಂದೆ ಬಂದು ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡಿದಾನೆ.

ಮಾತಾಡು ಅಣ್ಣ. ನೀನು ಸುಮ್ಮನಿದ್ರೆ ನನಗೆ ಅರ್ಥ ಆಗುತ್ತೆ, ಅವನಿಗೆ ಆಗಲ್ಲ.

ಏನು? ಇಲ್ಲಿಗೆ ಕೇಳಿಸಲಿಲ್ಲ, ಏನಂದೆ?...

ಒಳಗೆ ಬಂದು ಕಾಫಿ ಕುಡೀಲಿ ಅಂತ ನನ್ನ ಕಡೆ ತಿರುಗಿ ಯಾಕೆ ಹೇಳ್ತೀಯಾ. ಈ ಕಡೆ ಅಲ್ಲ, ಆ ಕಡೆ. ಕೈ ಚಾಚು, ಅಷ್ಟು ಹತ್ರ ಇದಾನೆ. ಅವನಿಗೇ ಹೇಳು.